ಶನಿವಾರ ಫುಲ್, ಬುಧವಾರ ಖಾಲಿ: ಕೊಡಗಿನ ಹೋಂಸ್ಟೇ ಪ್ರಶ್ನೋತ್ತರ

ಹೋಂಸ್ಟೇ, ದಿನಬಾಡಿಗೆ ಮನೆ ನಡೆಸುವವರ ಲೆಕ್ಕಾಚಾರದ ಬಗ್ಗೆ ಪ್ರಶ್ನೆ ಕಳಿಸಿ ಅಂದಿದ್ದೆವು. ನಿರೀಕ್ಷೆ ಇದ್ದ ಹಾಗೆ ಕೊಡಗಿನಿಂದಲೇ ಜಾಸ್ತಿ ಬಂದಿವೆ. ಒಂದೇ ಥರದವನ್ನು ಒಟ್ಟು ಸೇರಿಸಿ ಉತ್ತರಿಸಿದ್ದೇನೆ. ಊರಿನ ಹೆಸರು ಮಾತ್ರ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ಸುಂಟಿಕೊಪ್ಪದ ಹತ್ತಿರ ನಮ್ಮ ಕಾಫಿ ತೋಟ ಇದೆ. ಮನೆಗೆ ಹೊಂದಿಕೊಂಡ ಹಾಗೆ ಮೂರು ರೂಮಿನ ಹೋಂಸ್ಟೇ. ಹೋದ ಡಿಸೆಂಬರ್‌ನಲ್ಲಿ ಫೋನ್ ಮೇಲೆ ಫೋನ್, ಎಷ್ಟೋ ಜನರಿಗೆ ಇಲ್ಲ ಅನ್ನಬೇಕಾಯಿತು. ಒಂದು ರೂಮು ಒಂದು ರಾತ್ರಿ ಹೋದರೆ ಒಂದು ಅಂತ ಎಣಿಸಿದರೆ ವರ್ಷಕ್ಕೆ 330 ಆಯಿತು. ಮೂರೂ ರೂಮು ತುಂಬಿದ್ದು 45 ರಾತ್ರಿ. 14 ಲಕ್ಷ ಸಾಲ ಮಾಡಿ ಇನ್ನೆರಡು ರೂಮು ಕಟ್ಟುವ ಯೋಚನೆ. ಬ್ಯಾಂಕಿನಲ್ಲಿ ಶೇ 11ರ ಬಡ್ಡಿಗೆ ಏಳು ವರ್ಷಕ್ಕೆ ಕೊಡುತ್ತೇವೆ ಅಂದಿದ್ದಾರೆ. ಕಟ್ಟಲಾ?

ಉತ್ತರ: ಕಟ್ಟಬೇಡಿ. ಕನಿಷ್ಠ ಈ ವರ್ಷ ಬೇಡ.

ನೀವು ಲೆಕ್ಕ ಇಟ್ಟಿದ್ದೀರಿ, ಅದೇ ದೊಡ್ಡದು. ಬಹಳ ಜನ ಡಿಸೆಂಬರ್‌ನ ನೆನಪಿನ ಮೇಲೆ ಗಾರೆ ಕಲಸಲು ಶುರು ಮಾಡುತ್ತಾರೆ. ಮೂರು ರೂಮು, 365 ದಿನ, ಒಟ್ಟು 1,095 ರಾತ್ರಿ ನಿಮ್ಮ ಕೈಯಲ್ಲಿತ್ತು. ಹೋಗಿದ್ದು 330. ಅಂದರೆ ಶೇ 30. ಇದು ಕೆಟ್ಟ ಅಂಕಿ ಅಂತ ಬೇಸರ ಪಡಬೇಡಿ. ಕೊಡಗಿಗೆ ಬರುವವರಲ್ಲಿ ಬೆಂಗಳೂರು, ಮೈಸೂರಿನವರೇ ಜಾಸ್ತಿ, ಅವರು ಬರುವುದು ವಾರಾಂತ್ಯಕ್ಕೆ. ವರ್ಷದ ಎಲ್ಲ ಶುಕ್ರವಾರ, ಎಲ್ಲ ಶನಿವಾರ ರಾತ್ರಿ ಒಂದೂ ಬಿಡದೆ ತುಂಬಿ ಉಳಿದ ದಿನ ಪೂರ್ತಿ ಖಾಲಿ ಇದ್ದರೂ ಆಗುವುದು ಶೇ 28. ನೀವು ಅದನ್ನು ದಾಟಿದ್ದೀರಿ.

ಈಗ ಹೊಸ ರೂಮಿನ ವಿಷಯ. ಜನ ಎಲ್ಲಿ ತಪ್ಪುತ್ತಾರೆ ಅಂದರೆ, ಹಳೆ ರೂಮು ಶೇ 30 ತುಂಬಿದೆ, ಹಾಗಾಗಿ ಹೊಸದೂ ಶೇ 30 ತುಂಬುತ್ತದೆ ಅಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. ಬುಧವಾರ ಮೂರರಲ್ಲಿ ಎರಡು ಖಾಲಿ ಇರುವಾಗ ನಾಲ್ಕನೆಯದು, ಐದನೆಯದು ಯಾರಿಗೆ ಬೇಕು? ನಾಲ್ಕನೇ ರೂಮಿಗೆ ಗಿರಾಕಿ ಸಿಗುವುದು ಮೂರೂ ತುಂಬಿದ ರಾತ್ರಿ ಮಾತ್ರ. ನಿಮ್ಮ ಲೆಕ್ಕದಲ್ಲಿ ಅದು 45. ಆ 45ರಲ್ಲೂ ಐದು ರಾತ್ರಿ ಬಿಡೋಣ, 40 ರಾತ್ರಿ ಎರಡೂ ಹೊಸ ರೂಮು ಹೋದವು ಅಂತಲೇ ಇಟ್ಟುಕೊಳ್ಳಿ. ಒಟ್ಟು 80. ಊಟ, ತಿಂಡಿ, ಗ್ಯಾಸ್, ಬಟ್ಟೆ ಒಗೆಯುವುದು, ಆ್ಯಪ್‌ನವರ ಕಮಿಷನ್ ಎಲ್ಲ ಕಳೆದು ಒಂದು ರೂಮಿಗೆ ಒಂದು ರಾತ್ರಿಗೆ 2,000 ರೂಪಾಯಿ ಉಳಿದರೆ ವರ್ಷಕ್ಕೆ 1.6 ಲಕ್ಷ. ಸಾಲದ ಕಂತು ತಿಂಗಳಿಗೆ ಹತ್ತಿರ ಹತ್ತಿರ 24 ಸಾವಿರ, ವರ್ಷಕ್ಕೆ 2.88 ಲಕ್ಷ. ಬಾಕಿ 1.28 ಲಕ್ಷ ಎಲ್ಲಿಂದ ಬರಬೇಕು? ಕಾಫಿ ದುಡ್ಡಿನಿಂದ. ಕಾಫಿಗೆ ಈಗ ಒಳ್ಳೆ ರೇಟ್ ಇದೆ ಅಂತ ಧೈರ್ಯ ಬರುತ್ತದೆ, ಗೊತ್ತು. ಆದರೆ ಏಳು ವರ್ಷ ಕಾಫಿ ರೇಟ್ ಹೀಗೇ ಇರುತ್ತದೆ ಅಂತ ಕೊಡಗಿನಲ್ಲಿ ಹುಟ್ಟಿದವರು ಯಾರಾದರೂ ಹೇಳುತ್ತಾರಾ?

ಅದರ ಬದಲು ಇಟ್ಟಿಗೆ ಮುಟ್ಟದೆ ಮಾಡುವ ಕೆಲಸ ಇದೆ. ಆ 45 ರಾತ್ರಿಗೆ ರೇಟ್ ಏರಿಸಿ. ಒಂದು ರೂಮಿಗೆ 800 ರೂಪಾಯಿ ಜಾಸ್ತಿ ಮಾಡಿದರೂ ಮೂರು ರೂಮಿಗೆ 1,08,000 ಬರುತ್ತದೆ. ಸಾಲ ಇಲ್ಲ, ಹೆಚ್ಚಿನ ಕೆಲಸದವರು ಬೇಡ. ಹೇಗೂ ಜನರನ್ನು ವಾಪಸ್ ಕಳಿಸುತ್ತಿದ್ದೀರಲ್ಲ, ಅಂದ ಮೇಲೆ ಆ ದಿನಗಳಿಗೆ ನಿಮ್ಮ ರೇಟ್ ಕಮ್ಮಿ ಇದೆ ಅಂತಲೇ ಅರ್ಥ. ಇನ್ನೊಂದು, ಉದ್ದ ರಜೆಯ ವಾರಾಂತ್ಯಕ್ಕೆ ಕನಿಷ್ಠ ಎರಡು ರಾತ್ರಿ ಅಂತ ಮಾಡಿ. 2026ರಲ್ಲಿ ಜನವರಿ 26 ಸೋಮವಾರ. ಮೇ 1, ಅಕ್ಟೋಬರ್ 2, ಡಿಸೆಂಬರ್ 25 ಮೂರೂ ಶುಕ್ರವಾರ. ಇಂಥ ಕಡೆ ಶನಿವಾರ ಒಂದೇ ರಾತ್ರಿ ಕೊಟ್ಟರೆ ಅದರ ಹಿಂದಿನ ಅಥವಾ ಮುಂದಿನ ರಾತ್ರಿ ಸುಮ್ನೆ ಹಾಳಾಗುತ್ತದೆ.

ಮಾಮೂಲಿ ವಾರಗಳಲ್ಲೂ ಶುಕ್ರವಾರ ರಾತ್ರಿಯೇ ದೊಡ್ಡ ತೂತು. ಬೆಂಗಳೂರಿನ ಐಟಿ ಹುಡುಗರು ಶುಕ್ರವಾರ ಆಫೀಸ್ ಮುಗಿಸಿ ಹೊರಟರೆ ಇಲ್ಲಿಗೆ ಬರುವಾಗ ನಡುರಾತ್ರಿ. ಸುಮಾರು 250 ಕಿಲೋಮೀಟರ್, ಕೊನೆಯಲ್ಲಿ ತೋಟದ ರಸ್ತೆ, ಎದುರಿಗೆ ಆನೆ ಬಂದರೂ ಬರಬಹುದು. ಹಾಗಾಗಿ ಅವರು ಶನಿವಾರ ಬೆಳಗಿನ ಜಾವ ಹೊರಟು ಹತ್ತು ಗಂಟೆಗೇ ಬಂದು ರೂಮು ಕೊಡಿ ಅಂತಾರೆ, ಅಲ್ವಾ? ಶನಿವಾರ ಮಾತ್ರ ನಂಬಿದರೆ ವರ್ಷಕ್ಕೆ ಶೇ 14. ಭಾನುವಾರ ರಾತ್ರಿಯನ್ನು ಅರ್ಧ ರೇಟಿಗೆ ಕೊಟ್ಟು, ಸೋಮವಾರ ಬೆಳಗ್ಗೆ ತಿಂಡಿ ತಿಂದು ಇಲ್ಲೇ ಕೂತು ಲ್ಯಾಪ್‌ಟಾಪ್ ತೆರೆಯಿರಿ ಅನ್ನಿ. ಇಂಟರ್ನೆಟ್ ಗಟ್ಟಿಯಾಗಿದ್ದರೆ ಒಪ್ಪುವವರಿದ್ದಾರೆ. ಕರೆಂಟ್ ಹೋದ ಕೂಡಲೇ ವೈಫೈ ಸಾಯುವ ಮನೆಯಾದರೆ ಈ ಮಾತು ಎತ್ತಬೇಡಿ.

ಒಂದು ನೋಟ್‌ಬುಕ್ ಇಡಿ. ಯಾವ ದಿನಕ್ಕೆ ಎಷ್ಟು ಜನರಿಗೆ ಇಲ್ಲ ಅಂದಿರಿ ಅಂತ ಬರೆಯಿರಿ. ಕಂತು ಕಟ್ಟಲು ಆ ಎರಡು ರೂಮು ಸೇರಿ ವರ್ಷಕ್ಕೆ 144 ರಾತ್ರಿ ಹೋಗಬೇಕು. ಅಂದರೆ 72 ರಾತ್ರಿ ಎರಡೂ ತುಂಬಬೇಕು. ನೋಟ್‌ಬುಕ್ಕಿನಲ್ಲಿ 72 ಬೇರೆ ಬೇರೆ ತಾರೀಕು ಬಿದ್ದ ವರ್ಷ ಮತ್ತೆ ಬರೆಯಿರಿ, ಆಗ ನಾನೇ ಕಟ್ಟಿ ಅನ್ನುತ್ತೇನೆ. ಅಲ್ಲಿಯವರೆಗೆ ಹೆಚ್ಚಾದವರನ್ನು ಪಕ್ಕದ ತೋಟದ ಹೋಂಸ್ಟೇಗೆ ಕಳಿಸಿ. ಅವರೂ ನಿಮಗೆ ಕಳಿಸುತ್ತಾರೆ.

ಪ್ರಶ್ನೆ: ವಿರಾಜಪೇಟೆ ಪೇಟೆಯಿಂದ ಸ್ವಲ್ಪ ಹೊರಗೆ ನಾವು ಎರಡು ರೂಮು ಕೊಡುತ್ತೇವೆ. ಜೂನ್ ಬಂತೆಂದರೆ ಫೋನೇ ಇಲ್ಲ. ಜುಲೈ, ಆಗಸ್ಟ್‌ನಲ್ಲಿ ಅರ್ಧ ರೇಟಿಗೆ ಇಳಿಸಲಾ, ಇಲ್ಲ ಮೂರು ತಿಂಗಳು ಮುಚ್ಚಿ ಪೇಂಟಿಂಗ್, ರಿಪೇರಿ ಮಾಡಿಸಲಾ?

ಉತ್ತರ: ಜುಲೈನಲ್ಲಿ ಪೇಂಟಿಂಗಾ? ಬಣ್ಣ ಒಣಗುವುದು ಯಾವಾಗ? ಆ ತಿಂಗಳು ಗೋಡೆಯ ಮೇಲೆ ಬೂಷ್ಟು ಬಿಟ್ಟು ಬೇರೇನೂ ಹತ್ತುವುದಿಲ್ಲ. ರಿಪೇರಿಗೆ ಸರಿಯಾದ ಕಾಲ ಫೆಬ್ರುವರಿ, ಮಾರ್ಚ್. ಮಕ್ಕಳಿಗೆ ಪರೀಕ್ಷೆ, ಸಂಸಾರ ಸಮೇತ ಬರುವವರು ಕಮ್ಮಿ, ಬಿಸಿಲು ಚೆನ್ನಾಗಿದೆ. ಹೂಮಳೆ (ಕಾಫಿ ಹೂವು ಅರಳಿಸುವ ಬೇಸಿಗೆ ಮಳೆ) ಬೀಳುವ ಮುಂಚೆ ಹೆಂಚು, ಸೋರುವ ಜಾಗ, ಪೇಂಟ್ ಎಲ್ಲ ಮುಗಿಸಿ.

ಅರ್ಧ ರೇಟಿನ ವಿಷಯ. ಮಳೆಗಾಲದಲ್ಲಿ ಎರಡು ಥರದ ಜನ ಇದ್ದಾರೆ. ಮಳೆಗೆ ಹೆದರುವವರು, ಮಳೆ ನೋಡಲೇ ಬರುವವರು. ಮೊದಲನೆಯವರು ಪುಕ್ಕಟೆ ಕೊಟ್ಟರೂ ಬರುವುದಿಲ್ಲ. ಎರಡನೆಯವರು ರೇಟ್ ನೋಡಿ ಬರುವವರಲ್ಲ, ಇರ್ಪು ಜಲಪಾತ ತುಂಬಿ ಬೀಳುವುದು ನೋಡಬೇಕು, ಬರಪೊಳೆಯಲ್ಲಿ ರಾಫ್ಟಿಂಗ್ ಮಾಡಬೇಕು, ಜಗಲಿಯಲ್ಲಿ ಕೂತು ಬಿಸಿ ಬಿಸಿ ತಿನ್ನಬೇಕು ಅಂತ ಬರುವವರು. ಅವರಿಗೆ ಶೇ 20, 25 ಬಿಟ್ಟುಕೊಟ್ಟರೆ ಸಾಕು, ಅದೂ ವಾರದ ದಿನಗಳಿಗೆ. ಆಗಸ್ಟ್ 15ರ ಹಿಂದೆ ಮುಂದೆ ಒಂದು ರೂಪಾಯಿಯೂ ಇಳಿಸಬೇಡಿ, ಮಳೆ ಎಷ್ಟೇ ಇರಲಿ. ಅರ್ಧ ರೇಟ್ ಅಂತ ಹಾಕಿದರೆ ಬರುವುದು ಹತ್ತು ಹುಡುಗರು, ಎರಡು ಕಾರು, ಡಿಕ್ಕಿಯಲ್ಲಿ ಸ್ಪೀಕರ್. ಆಮೇಲೆ ಪಕ್ಕದ ಮನೆಯವರ ಹತ್ತಿರ ನೀವು ಮಾತಾಡಿಕೊಳ್ಳಬೇಕು.

ಎಷ್ಟರವರೆಗೆ ಇಳಿಸಬಹುದು ಅಂತ ತಿಳಿಯಲು ಒಂದೇ ಲೆಕ್ಕ. ಆ ಅತಿಥಿ ಬಂದಿದ್ದರಿಂದಲೇ ಆಗುವ ಖರ್ಚು ಎಷ್ಟು? ಊಟ, ಸೌದೆ, ಗ್ಯಾಸ್, ಬಿಸಿನೀರು, ಬಟ್ಟೆ. ಅದಕ್ಕಿಂತ ಮೇಲೆ ಬಂದಿದ್ದೆಲ್ಲ ಉಳಿತಾಯ, ಯಾಕೆಂದರೆ ತೆರಿಗೆ, ಸಾಲ, ಮನೆ ಕೆಲಸದವರ ಸಂಬಳ ರೂಮು ಖಾಲಿ ಇದ್ದರೂ ಹೋಗುತ್ತದೆ. ಮಳೆಗಾಲದಲ್ಲಿ ಈ ಖರ್ಚು ಜಾಸ್ತಿ ಅನ್ನುವುದನ್ನು ಮರೆಯಬೇಡಿ. ಬೆಡ್‌ಶೀಟ್ ಒಣಗುವುದಿಲ್ಲ. ಒಂದು ಹಾಸಿಗೆಗೆ ಎರಡು ಸೆಟ್ ಇದ್ದರೆ ಬೇಸಿಗೆಯಲ್ಲಿ ನಡೆಯುತ್ತದೆ, ಜುಲೈನಲ್ಲಿ ನಾಲ್ಕು ಬೇಕು. ಜನರೇಟರ್‌ಗೆ ಡೀಸೆಲ್ ಬೇಕು. ಸಿಲ್ವರ್ ಓಕ್ ಕೊಂಬೆ ಒಂದು ತಂತಿ ಮೇಲೆ ಬಿದ್ದರೆ ಎರಡು ದಿನ ಕತ್ತಲೆ.

ಮಳೆಗಾಲದಲ್ಲಿ ಬರುವವರಿಗೆ ಊಟ ಮುಖ್ಯ. ಕಣಿಲೆ (ಎಳೆ ಬಿದಿರು) ಆಗಲೇ ಸಿಗುವುದು, ಕಾಡು ಅಣಬೆ ಆಗಲೇ. ಆಗಸ್ಟ್ 3ರ ಕಕ್ಕಡ ಹದಿನೆಂಟಕ್ಕೆ, ಅಂದರೆ ಕೊಡವರ ಕಕ್ಕಡ ತಿಂಗಳ 18ನೇ ದಿನ, ಮದ್ದು ಸೊಪ್ಪಿನ ಪಾಯಸ ಎಲ್ಲರ ಮನೆಯಲ್ಲೂ ಮಾಡುತ್ತಾರೆ. ಆ ವಾರಾಂತ್ಯಕ್ಕೆ ಬನ್ನಿ, ಇದನ್ನು ತಿನ್ನಿಸುತ್ತೇವೆ ಅಂತ ಜೂನ್‌ನಲ್ಲೇ ಹಳೆ ಅತಿಥಿಗಳಿಗೆ ವಾಟ್ಸ್ಆ್ಯಪ್ ಮಾಡಿ. ಮರುದಿನ ಮೂತ್ರದ ಬಣ್ಣ ಬದಲಾಗುತ್ತದೆ ಅಂತ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಬೆಳಗ್ಗೆ ಡಾಕ್ಟರ್ ಹುಡುಕುತ್ತಾರೆ. ಇನ್ನೊಂದು ಕಡೆ ಕೇರಳ ಇದೆ. ಅಲ್ಲಿಂದ ಬರುವವರಿಗೆ ಗಡಿಯ ಮಾಕುಟ್ಟ ದಾಟಿದರೆ ನೀವೇ ಮೊದಲು. ಓಣಂ ರಜೆ ಆಗಸ್ಟ್ ಕೊನೆಗೋ ಸೆಪ್ಟೆಂಬರ್‌ಗೋ ಬರುತ್ತದೆ, ಅವರಿಗೆ ಮಳೆ ಹೊಸತಲ್ಲ. 2018ರ ಡಿಸೆಂಬರ್‌ನಿಂದ ಕಣ್ಣೂರು ವಿಮಾನ ನಿಲ್ದಾಣವೂ ಇದೆ. ಮಲಯಾಳದಲ್ಲಿ ನಾಲ್ಕು ಸಾಲು ಜಾಹೀರಾತು ಬರೆಸಿ ನೋಡಿ, ಬೆಂಗಳೂರಿನವರನ್ನೇ ಕಾಯುತ್ತಾ ಯಾಕೆ ಕೂರಬೇಕು?

ಕೊನೆಗೆ ಹಣ ವಾಪಸ್ ಮಾಡುವ ವಿಷಯ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಿದ್ದು ಬಹುಪಾಲು ಮಡಿಕೇರಿ, ಸೋಮವಾರಪೇಟೆ ಕಡೆ. ಆದರೆ ಟಿವಿಯಲ್ಲಿ ಬಂದಿದ್ದು ಕೊಡಗು ಅಂತ, ಹಾಗಾಗಿ ದಕ್ಷಿಣ ಕೊಡಗಿನ ಬುಕಿಂಗ್ ಕೂಡ ಹೋಯಿತು. ಜಿಲ್ಲಾಡಳಿತವೇ ಕೆಲವು ದಿನ ಪ್ರವಾಸಿಗರು ಬರಬೇಡಿ ಅಂದಿತ್ತು. ಮರುವರ್ಷ ಆಗಸ್ಟ್‌ನಲ್ಲಿ ನಿಮ್ಮದೇ ತಾಲ್ಲೂಕಿನ ತೋರ ಗ್ರಾಮದಲ್ಲಿ ಗುಡ್ಡ ಕುಸಿಯಿತು. ಇಂಥದ್ದು ಆದಾಗ ಚೌಕಾಸಿ ಬೇಡ. ಅಡ್ವಾನ್ಸ್ ಪೂರ್ತಿ ವಾಪಸ್ ಕೊಡುತ್ತೇವೆ, ಇಲ್ಲ ಬೇರೆ ತಾರೀಕಿಗೆ ಹಾಕಿಕೊಡುತ್ತೇವೆ ಅಂತ ಬುಕಿಂಗ್ ಮೆಸೇಜಿನಲ್ಲೇ ಬರೆದಿಡಿ. ಹಾಗೆ ಬರೆದಿದ್ದರೆ ಜನ ಜುಲೈಗೆ ಬುಕ್ ಮಾಡಲು ಹೆದರುವುದೂ ಕಮ್ಮಿ. ಆರೆಂಜ್ ಅಲರ್ಟ್ ಇರುವ ದಿನ ಸುಮ್ನೆ ಬನ್ನಿ ಬನ್ನಿ ಅನ್ನಬೇಡಿ.

ಪ್ರಶ್ನೆ: ನಾಪೋಕ್ಲಿನಲ್ಲಿ ಹಾಕಿ ಹಬ್ಬ ನಡೆದಾಗ ರೂಮಿಗೆ ಎಷ್ಟು ಡಿಮ್ಯಾಂಡ್ ಇತ್ತು ಅಂದರೆ ಹಾಲ್‌ನಲ್ಲೂ ಮಲಗಿಸಿದೆವು. ಅದಕ್ಕಾಗಿ ಮಂಚ, ಹಾಸಿಗೆ ತೆಗೆದುಕೊಂಡು ಇಡುವುದು ಒಳ್ಳೆಯದಾ?

ಉತ್ತರ: ಬೇಡ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಈ ಹಾಕಿ ಪಂದ್ಯಾವಳಿಯನ್ನು ಪ್ರತಿ ವರ್ಷ ಒಂದೊಂದು ಕುಟುಂಬ ನಡೆಸಿಕೊಡುತ್ತದೆ, ಮೈದಾನವೂ ಊರೂ ಬದಲಾಗುತ್ತದೆ. 2024ರಲ್ಲಿ ನಿಮ್ಮಲ್ಲಿ 360 ತಂಡ ಆಡಿದವು ನಿಜ, ಮರುವರ್ಷ ಮಡಿಕೇರಿಗೆ ಹೋಯಿತು. ಹಾಸಿಗೆ ಬಾಡಿಗೆಗೆ ತನ್ನಿ, ಮದುವೆ ಸಾಮಾನು ಬಾಡಿಗೆಗೆ ಕೊಡುವವರ ಹತ್ತಿರ ಸಿಗುತ್ತದೆ. ಅಲ್ಲದೆ ಏಪ್ರಿಲ್, ಮೇನಲ್ಲಿ ಮದುವೆ ಜೋರು. ನಿಮ್ಮದೇ ನೆಂಟರು ಎಷ್ಟು ರೂಮು ಹಿಡಿದುಕೊಳ್ಳುತ್ತಾರೆ ಅಂತ ಎಣಿಸಿದ್ದೀರಾ? ಅವರ ಹತ್ತಿರ ಬಾಡಿಗೆ ಕೇಳಲು ಆಗುವುದಿಲ್ಲ.

ಪ್ರಶ್ನೆ: ಕುಶಾಲನಗರದಲ್ಲಿ ಅಮ್ಮನ ಮನೆ ಖಾಲಿ ಇದೆ, ನಾವು ಬೆಂಗಳೂರಿನಲ್ಲಿದ್ದೇವೆ. ತಿಂಗಳ ಬಾಡಿಗೆಗೆ ಕೊಟ್ಟರೆ 14,000 ಬರುತ್ತದೆ. ಒಬ್ಬರನ್ನು ನೋಡಿಕೊಳ್ಳಲು ಇಟ್ಟು ದಿನಕ್ಕೆ 3,000ದಂತೆ ಕೊಟ್ಟರೆ ಐದೇ ದಿನಕ್ಕೆ ಆ ದುಡ್ಡು ಬರುತ್ತದಲ್ಲ?

ಉತ್ತರ: ಬರುತ್ತದೆ, ಹೋಗುತ್ತದೆ ಕೂಡ. ವರ್ಷಕ್ಕೆ ಶೇ 30 ಅಂದರೆ 110 ರಾತ್ರಿ ಹೋಯಿತು ಅಂತ ಇಟ್ಟುಕೊಳ್ಳಿ. 3.3 ಲಕ್ಷ. ನೋಡಿಕೊಳ್ಳುವವರಿಗೆ ತಿಂಗಳಿಗೆ 10,000 ಅಂದರೆ 1.2 ಲಕ್ಷ. ಕರೆಂಟ್, ಇಂಟರ್ನೆಟ್, ಗೀಸರ್ ಕೆಟ್ಟಿತು, ಟ್ಯಾಪ್ ಕಿತ್ತಿತು ಇದಕ್ಕೆಲ್ಲ ತಿಂಗಳಿಗೆ 3,500 ಹಿಡಿಯಿರಿ, 42,000. ಆ್ಯಪ್ ಕಮಿಷನ್ ಶೇ 15 ಅಂದರೆ 49,500. ಪ್ರತಿ ಸಲ ಕ್ಲೀನಿಂಗ್, ಬಟ್ಟೆಗೆ 500 ಅಂದರೆ 55,000. ಉಳಿಯುವುದು 63,500. ತಿಂಗಳ ಬಾಡಿಗೆಯಲ್ಲಿ ಕೂತಲ್ಲೇ 1.68 ಲಕ್ಷ ಬರುತ್ತಿತ್ತು. ಎರಡೂ ಸಮ ಆಗಬೇಕಾದರೆ 161 ರಾತ್ರಿ ಹೋಗಬೇಕು, ಅಂದರೆ ಶೇ 44. ಬೆಂಗಳೂರಿನಲ್ಲಿ ಕೂತು ಇದನ್ನು ತಲುಪುವುದು ಕಷ್ಟ.

ಕುಶಾಲನಗರಕ್ಕೆ ತನ್ನದೇ ಅನುಕೂಲಗಳಿವೆ, ಇಲ್ಲ ಅನ್ನುವುದಿಲ್ಲ. ಮಡಿಕೇರಿಯಷ್ಟು ಮಳೆ ಇಲ್ಲ, ಹಾಗಾಗಿ ಜೂನ್‌ನಲ್ಲಿ ಅಷ್ಟು ಕುಸಿಯುವುದಿಲ್ಲ. ಕೂಡಿಗೆಯ ಸೈನಿಕ ಶಾಲೆಗೆ ಮಕ್ಕಳನ್ನು ನೋಡಲು ಬರುವ ಅಪ್ಪ ಅಮ್ಮಂದಿರು ಇದ್ದಾರೆ. ಬೈಲಕುಪ್ಪೆಯ ಟಿಬೆಟನ್ ಶಿಬಿರದಲ್ಲಿ ವಿದೇಶಿಯರು ರಾತ್ರಿ ಉಳಿಯಲು ವಿಶೇಷ ಪರವಾನಗಿ ಬೇಕು, ಅದಿಲ್ಲದವರು ಕುಶಾಲನಗರದಲ್ಲೇ ಉಳಿಯುತ್ತಾರೆ. ವಿದೇಶಿಯರು ಉಳಿದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು, ಅದನ್ನು ನಿಮ್ಮ ಕೆಲಸದವರು ಮಾಡುತ್ತಾರಾ? ಆದರೆ ಊರಿನ ಒಂದು ತೊಂದರೆ ಏನೆಂದರೆ, ನಿಸರ್ಗಧಾಮ, ದುಬಾರೆ, ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ಮೂರನ್ನೂ ಮಧ್ಯಾಹ್ನದೊಳಗೆ ನೋಡಿ ಜನ ಮಡಿಕೇರಿಗೆ ಹತ್ತಿಬಿಡುತ್ತಾರೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದ ಮೇಲೆ ಬೇಗ ಬರುತ್ತಾರೆ, ಬೇಗ ಹೋಗುತ್ತಾರೆ ಕೂಡ. ದಾರಿಯಲ್ಲಿರುವ ಊರಿಗೆ ರಸ್ತೆ ಒಳ್ಳೆಯದಾದರೆ ರಾತ್ರಿ ತಂಗುವವರು ಹೆಚ್ಚಲೇಬೇಕು ಅಂತೇನಿಲ್ಲ.

ಇನ್ನೊಂದು ಮಾತು. ಮಾಲೀಕರು ಅದೇ ಮನೆಯಲ್ಲಿ ವಾಸ ಇದ್ದರೆ ಮಾತ್ರ ಹೋಂಸ್ಟೇ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ನಿಯಮದಲ್ಲೂ ಇದೇ ಷರತ್ತು, ಜೊತೆಗೆ ಗರಿಷ್ಠ ಆರು ರೂಮು ಅಂತ ಮಿತಿ. ನೀವು ಬೆಂಗಳೂರಿನಲ್ಲಿದ್ದು ಬೋರ್ಡ್‌ನಲ್ಲಿ ಹೋಂಸ್ಟೇ ಅಂತ ಬರೆಸುವ ಹಾಗಿಲ್ಲ. ನನ್ನ ಸಲಹೆ ಕೇಳಿದರೆ, ಒಳ್ಳೆ ಸಂಸಾರಕ್ಕೆ ತಿಂಗಳ ಬಾಡಿಗೆಗೆ ಕೊಡಿ. ಒಂದು ರೂಮು ಬೀಗ ಹಾಕಿ ನಿಮಗೆ ಇಟ್ಟುಕೊಳ್ಳಿ.

ಪ್ರಶ್ನೆ: ಸಿದ್ದಾಪುರದ ಹತ್ತಿರ ನಮ್ಮದು ರೊಬಸ್ಟಾ ತೋಟ, ನಾಲ್ಕು ರೂಮಿನ ಹೋಂಸ್ಟೇ. ಅತಿಥಿಗಳು ಜಾಸ್ತಿ ಬರುವ ಹೊತ್ತಿಗೇ ಕಾಫಿ ಕೊಯ್ಲು. ಎರಡಕ್ಕೂ ಜನ ಸಾಲುವುದಿಲ್ಲ. ಏನು ಮಾಡಬೇಕು?

ಉತ್ತರ: ತೋಟ ಇರುವವರಿಗೆ ಇದೇ ನಿಜವಾದ ಸಮಸ್ಯೆ. ಡಿಸೆಂಬರ್ ಕೊನೆ ವಾರ, ಸಂಕ್ರಾಂತಿ, ಜನವರಿ 26. ಇದೇ ಸಮಯಕ್ಕೆ ಹಣ್ಣು ಕೆಂಪಾಗಿರುತ್ತದೆ, ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ, ಕೆಲಸದವರನ್ನು ಪಕ್ಕದ ತೋಟದವರು ಎಳೆದುಕೊಂಡು ಹೋಗಿರುತ್ತಾರೆ. ಅತಿಥಿ ಬಂದು ಕಣದ ಮೇಲೇ ಕಾರು ನಿಲ್ಲಿಸುತ್ತಾನೆ. ಅವನ ಮಗ ಕಾಫಿ ರಾಶಿಯ ಮೇಲೆ ಉರುಳಾಡುತ್ತಾನೆ.

ಕೊಯ್ಲಿನ ವಾರಗಳಲ್ಲಿ ನಾಲ್ಕು ರೂಮಿನಲ್ಲಿ ಎರಡನ್ನು ಮುಚ್ಚಿ. ನಷ್ಟ ಅನ್ನಿಸುತ್ತದೆ, ಆದರೆ ಉಳಿದೆರಡಕ್ಕೆ ರೇಟ್ ಏರಿಸಿದರೆ ವ್ಯತ್ಯಾಸ ಅರ್ಧಕ್ಕರ್ಧ ಬಂದುಬಿಡುತ್ತದೆ. ಒಂದು ದಿನ ಕೊಯ್ಲು ನಿಂತು, ಮೇಲೆ ಅಕಾಲದ ಮಳೆ ಬಂದರೆ ಆಗುವ ನಷ್ಟದ ಮುಂದೆ ಎರಡು ರೂಮಿನ ಬಾಡಿಗೆ ಏನೂ ಅಲ್ಲ. ಅಡುಗೆಯವರನ್ನು ಮಾತ್ರ ತೋಟದ ಕೆಲಸಕ್ಕೆ ಕಳಿಸಬೇಡಿ, ತೋಟದವರನ್ನು ಅಡುಗೆಗೆ ಎಳೆಯಬೇಡಿ. ಕೊಯ್ಲು ನೋಡಬೇಕು ಅನ್ನುವ ಅತಿಥಿಗೆ ಬೆಳಗ್ಗೆ ಒಂದು ಗಂಟೆ ನೀವೇ ಕರೆದುಕೊಂಡು ಹೋಗಿ ತೋರಿಸಿ, ಅದಕ್ಕೆ ಬೇರೆ ದುಡ್ಡು ತೆಗೆದುಕೊಳ್ಳಿ, ಸಂಕೋಚ ಬೇಡ. ಆದರೆ ಕೊಯ್ಯುವವರ ಸಾಲಿನೊಳಗೆ ಬಿಡಬೇಡಿ. ಅವರಿಗೆ ಕಿಲೋ ಲೆಕ್ಕದಲ್ಲಿ ಕೂಲಿ, ನಿಂತು ಫೋಟೋ ಕೊಡಲು ಪುರಸೊತ್ತಿಲ್ಲ.

ಪ್ರಶ್ನೆ: ಡಿಸೆಂಬರ್ 31ಕ್ಕೆ ಮೂರು ಪಟ್ಟು ರೇಟ್ ಹಾಕುವುದು ಅನ್ಯಾಯ ಅಲ್ವಾ? (ಮಡಿಕೇರಿ)

ಉತ್ತರ: ಮೊದಲೇ ಹೇಳಿ ಹಾಕಿದರೆ ಅನ್ಯಾಯ ಅಲ್ಲ. ಎರಡು ಸಾವಿರಕ್ಕೆ ಬುಕ್ ಮಾಡಿದವರಿಗೆ 29ನೇ ತಾರೀಕು ಫೋನ್ ಮಾಡಿ ಆರು ಸಾವಿರ ಕೊಡಿ ಅನ್ನುವುದು ಅನ್ಯಾಯ. ನಿಮ್ಮ ಊರಲ್ಲಿ ವಿಜಯದಶಮಿಯ ರಾತ್ರಿ ದಶಮಂಟಪಗಳ ಮೆರವಣಿಗೆ ನೋಡಲು ಬರುವವರಿಗೂ ಇದೇ ಮಾತು. ತಲಕಾವೇರಿಯ ತೀರ್ಥೋದ್ಭವಕ್ಕೆ ಬರುವವರಿಗೆ ಮಾತ್ರ ನಾನಾದರೆ ಏರಿಸುವುದಿಲ್ಲ. ಅದು ಲೆಕ್ಕ ಅಲ್ಲ, ನನ್ನ ಅಭಿಪ್ರಾಯ ಅಷ್ಟೇ.

ಪ್ರಶ್ನೆ: ಆ್ಯಪ್‌ಗೆ ಹಾಕಿದರೆ ಕಮಿಷನ್ ಹೋಗುತ್ತದೆ, ಹಾಕದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಜಿಎಸ್‌ಟಿ ಬೇರೆ ಕಟ್ಟಬೇಕು ಅಂತ ಹೆದರಿಸುತ್ತಾರೆ. (ಗೋಣಿಕೊಪ್ಪ)

ಉತ್ತರ: ಜಿಎಸ್‌ಟಿ ಮೊದಲು ಮುಗಿಸೋಣ. ವರ್ಷದ ಒಟ್ಟು ವಹಿವಾಟು 20 ಲಕ್ಷ ದಾಟದಿದ್ದರೆ ನೀವು ನೋಂದಣಿ ಮಾಡಿಸಬೇಕಾಗಿಲ್ಲ. ಅಂಥವರ ರೂಮು ಆ್ಯಪ್ ಮೂಲಕ ಹೋದರೆ ತೆರಿಗೆಯನ್ನು ಆ್ಯಪ್‌ನವರೇ ಅತಿಥಿಯಿಂದ ತೆಗೆದುಕೊಂಡು ಕಟ್ಟುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಶೇ 5 ಆಗಿದೆ, ಮೊದಲು 12 ಇತ್ತು. ಹೆದರಿಸಿದವರಿಗೆ ಇದನ್ನು ಹೇಳಿ.

ಕಮಿಷನ್ ಬಗ್ಗೆ ಎರಡರಲ್ಲಿ ಒಂದನ್ನೇ ಆರಿಸಬೇಕು ಅಂತ ಯಾಕೆ ಅಂದುಕೊಂಡಿರಿ? ಮಂಗಳವಾರ, ಬುಧವಾರ, ಜುಲೈ, ಫೆಬ್ರುವರಿ ಇವನ್ನೆಲ್ಲ ಆ್ಯಪ್‌ಗೆ ಬಿಡಿ. ಹೇಗೂ ಖಾಲಿ ಇರುವ ರಾತ್ರಿಗೆ ಕಮಿಷನ್ ಕೊಟ್ಟರೆ ಏನು ಹೋಯಿತು? ದಸರಾ, ಕ್ರಿಸ್‌ಮಸ್, ಉದ್ದ ವಾರಾಂತ್ಯ ಇವುಗಳನ್ನು ಆ್ಯಪ್‌ನಲ್ಲಿ ಮುಚ್ಚಿಟ್ಟು ಹಳೆ ಅತಿಥಿಗಳಿಗೆ, ಅವರ ಪರಿಚಯದವರಿಗೆ ಫೋನ್‌ನಲ್ಲೇ ಕೊಡಿ. ಹತ್ತು ದಿನ ಮುಂಚೆಯೂ ಉಳಿದಿದ್ದರೆ ಆಗ ತೆರೆಯಿರಿ. ಎರಡು ಮೂರು ಆ್ಯಪ್ ಇಟ್ಟುಕೊಂಡರೆ ಕ್ಯಾಲೆಂಡರ್‌ಗಳನ್ನು ಒಂದಕ್ಕೊಂದು ಜೋಡಿಸಿ. ಫೋನ್ ಬುಕಿಂಗ್ ಬಂದ ಆ ಕ್ಷಣವೇ ಅದರಲ್ಲಿ ತಾರೀಕು ಮುಚ್ಚಿ, ಊಟ ಮಾಡಿ ಆಮೇಲೆ ಮುಚ್ಚೋಣ ಅನ್ನಬೇಡಿ. ಒಂದೇ ರೂಮಿಗೆ ಎರಡು ಸಂಸಾರ ಬಂದು ಅಂಗಳದಲ್ಲಿ ನಿಂತರೆ ಒಬ್ಬರಿಗೆ ಪಕ್ಕದಲ್ಲಿ ರೂಮು ಹುಡುಕಿಕೊಟ್ಟು, ಹೆಚ್ಚಿನ ದುಡ್ಡು ನೀವೇ ಹಾಕಬೇಕಾಗುತ್ತದೆ. ಅದೂ ಗೋಣಿಕೊಪ್ಪದಲ್ಲಿ ದಸರಾ ನಡೆಯುವ ವಾರದಲ್ಲಾದರೆ ರೂಮು ಸಿಕ್ಕುವುದೇ ಅನುಮಾನ.